ಕಾಡುಕಾಯಿಯ ಹಿಟ್ಟು, ಕಡಲಾಮೆಯ ಎಣ್ಣೆ

ಆ ಭಾನುವಾರ ಹೋಟೆಲಿನ ಕಾವಲಿಯ ಮುಂದೆ ಇವರೇ ನಿಂತಿದ್ದರು. ದೋಸೆ ಹುಯ್ಯುವವನು ಊರಿಗೆ ಹೋಗಿದ್ದ. ವಡೋದರಾದ ಸಯಾಜಿಗಂಜಿನಲ್ಲಿ, ಸ್ಟೇಷನ್ನಿನಿಂದ ವಿಶ್ವವಿದ್ಯಾಲಯದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲು. ನಾನು ಒಳಗೆ ಚಟ್ನಿಗೆ ತೆಂಗಿನಕಾಯಿ ತುರಿಯುತ್ತಾ ಸುಮ್ಮನೆ ಇವರ ಕೈ ನೋಡುತ್ತಿದ್ದೆ. ಸೌಟಿನ ತಳದಿಂದ ಹಿಟ್ಟನ್ನು ಸುತ್ತ ಹರಡಿ, ಅಂಚಿಗೆ ಎಣ್ಣೆ ಬಿಟ್ಟು, ಮಗುಚುವ ಕೈಯಿಂದಲೇ ಬೆವರು ಒರೆಸಿಕೊಳ್ಳುತ್ತಿದ್ದರು. ಕಾಲೇಜಿನ ಹುಡುಗನೊಬ್ಬ, "ಅಣ್ಣಾ, ಔರ್ ಕಡಕ್ ಕರೋ" ಅಂದ. "ಕಡಕ್ ಬೇಕಾದ್ರೆ ಪಾಪಡ್ ತಿನ್ನು, ಪಕ್ಕದ ಅಂಗಡೀಲಿ ಸಿಗ್ತದೆ" ಅಂತ ಇವರು ಹಿಂದಿಯಲ್ಲೇ ಹೇಳಿದರು. ಹುಡುಗ ನಕ್ಕ. ಇವರೂ ನಕ್ಕರು.

ನಮ್ಮ ಪಾಲಿಗೆ ಅದು ಕೊನೆಯ ಸಾಮಾನ್ಯ ದಿನ. ಆಗ ಗೊತ್ತಿರಲಿಲ್ಲ.

ಮೊನ್ನೆ ಅಹಮದಾಬಾದಿಗೆ ಒಂದು ಮದುವೆಗೆ ಹೋಗಿದ್ದೆ. ನರೋಡಾದಲ್ಲಿ ಕ್ಯಾಂಟೀನ್ ನಡೆಸುವ ನನ್ನ ಮೈದುನ ಗಣಪನ ಮಗಳ ಮದುವೆ. ಮದುವೆ ನಡೆಯುವ ಪಾರ್ಟಿ ಪ್ಲಾಟಿನ ಬಾಗಿಲಿಗೆ ತೆಂಗಿನ ಗರಿಯಂಥ ಸೈಕಸ್ ಗರಿಗಳನ್ನು ಕಮಾನಿನ ಹಾಗೆ ಕಟ್ಟಿದ್ದರು. ಆಗಷ್ಟೇ ಕಡಿದ ಗರಿ, ಕಡಿದ ಜಾಗದಲ್ಲಿ ಅಂಟು ಒಸರುತ್ತಿತ್ತು. ಆ ಹಸಿ ವಾಸನೆಗೆ ನಾನು ಬಾಗಿಲಲ್ಲೇ ನಿಂತುಬಿಟ್ಟೆ. "ಅತ್ತಿಗೆ, ಒಳಗೆ ಬನ್ನಿ, ಬಿಸಿಲು" ಅಂತ ಗಣಪ ಕೈ ಹಿಡಿದು ಕರೆದುಕೊಂಡು ಹೋದ. ನಾನು ಯಾಕೆ ನಿಂತೆ ಅಂತ ಅವನಿಗೂ ಗೊತ್ತಿತ್ತು ಅನಿಸುತ್ತದೆ. ಅವನು ಆ ಗರಿಗಳ ಕಡೆ ನೋಡಲಿಲ್ಲ.

ಆ ಭಾನುವಾರ ಮಧ್ಯಾಹ್ನ ಹೋಟೆಲು ಮುಚ್ಚಿ ನಾವು ಮೂವರೂ, ಅಂದರೆ ಇವರು, ನಾನು, ನನ್ನ ಅತ್ತೆ, ಒಂದು ಶಾಲೆಯ ಹಾಲಿಗೆ ಹೋದೆವು. ಊರಿನ ಕನ್ನಡದವರೆಲ್ಲ ತಿಂಗಳಿಗೊಮ್ಮೆ ಅಲ್ಲಿ ಸೇರುತ್ತಿದ್ದರು. ಹೋಟೆಲಿನವರು, ಬ್ಯಾಂಕಿನವರು, ರೈಲ್ವೆಯವರು, ರಿಫೈನರಿಯ ಒಬ್ಬಿಬ್ಬರು. ಅವತ್ತು ದೇಸಾಯಿ ಮಾಸ್ತರರ ಭಾಷಣ. ಮಾಸ್ತರರು ಧಾರವಾಡದ ಕಡೆಯವರು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಹೆಸರು ಕೇಳಿ ಎಲ್ಲರೂ ಅವರನ್ನು ಗುಜರಾತಿಯೇ ಅಂದುಕೊಳ್ಳುತ್ತಿದ್ದರು. ನಮ್ಮ ಹೋಟೆಲಿಗೆ ದಿನಾ ಬೆಳಿಗ್ಗೆ ಇಡ್ಲಿಗೆ ಬಂದು ಬಂದು ಇವರ ಗೆಳೆಯರಾಗಿದ್ದರು.

ಕಡಲಾಮೆ ಮತ್ತು ಸೈಕಸ್ ಗಿಡ, ಇವೆರಡನ್ನೂ ಹೋಲಿಸಿ ಮಾತಾಡುತ್ತೇನೆ ಅಂದಾಗ ಹಿಂದಿನ ಸಾಲಿನಲ್ಲಿ ಯಾರೋ, "ಇದೆಂತ, ಮೀನಿಗೂ ಬದನೆಕಾಯಿಗೂ ಹೋಲಿಕೆಯಾ?" ಅಂದರು. ಮಾಸ್ತರರು ನಕ್ಕರು.

"ಸಂಬಂಧ ಇಲ್ಲ ಅಂತ ಕಾಣ್ತದ, ಖರೆ. ಒಂದು ಸಮುದ್ರದಾಗ ಈಜತದ, ಇನ್ನೊಂದು ನೆಟ್ಟಲ್ಲೇ ನಿಂತಿರ್ತದ. ಆದರ ಎರಡೂ ಭಾಳ ಹಳೇ ಮಂದಿ. ಎರಡೂ ಭಾಳ ಸಾವಕಾಶ ಬೆಳೀತಾವ. ಆಮೆ ಮೊದಲನೇ ಮೊಟ್ಟಿ ಇಡಬೇಕಂದ್ರ ವರ್ಷಾನುಗಟ್ಟಲೆ ಕಾಯಬೇಕು. ಈ ಗಿಡಾನೂ ಹಂಗ. ನಾವು ಆಮೆ ಮೊಟ್ಟಿ ತಗೀತೀವಿ, ಗಿಡದ ಕಾಯಿ ತಗೀತೀವಿ. ದೊಡ್ಡವು ಕಣ್ಣಿಗೆ ಕಾಣ್ತಿರ್ತಾವ, ಅದಕ್ಕ ಎಲ್ಲಾ ಚಲೋ ಅದ ಅನಸ್ತದ. ಸಣ್ಣವು ಎಲ್ಲಿ ಹೋದವು ಅಂತ ಯಾರೂ ಕೇಳೂದಿಲ್ಲ."

ಆಮೆಯ ಮರಿ ಹೆಣ್ಣೋ ಗಂಡೋ ಅನ್ನುವುದನ್ನು ಮರಳಿನ ಬಿಸಿ ತೀರ್ಮಾನಿಸುತ್ತದೆ, ಸೈಕಸ್ಸಿನಲ್ಲಿ ಒಂದು ಗಿಡ ಪೂರಾ ಹೆಣ್ಣು, ಇನ್ನೊಂದು ಪೂರಾ ಗಂಡು ಅಂತಲೂ ಹೇಳಿದರು. ತಮ್ಮ ತೋಟದಲ್ಲಿ ಒಂದು ಅಪರೂಪದ ಹೆಣ್ಣು ಗಿಡ ಇದೆ, ಸುತ್ತಮುತ್ತ ಅದರ ಜಾತಿಯ ಗಂಡು ಗಿಡ ಇಲ್ಲ, ಕಾಯಿ ಬಿಡುತ್ತದೆ, ಒಳಗೆ ಜೀವ ಇರುವುದಿಲ್ಲ ಅಂದರು. ಮಕ್ಕಳಿಲ್ಲದ ನಾನು ಆ ಮಾತಿಗೆ ತಲೆ ತಗ್ಗಿಸಿದೆ. ಅತ್ತೆ ನನ್ನ ಕಡೆ ತಿರುಗಿದ್ದು ಕಣ್ಣಂಚಿಗೆ ಕಂಡಿತು.

ಇವರು ಎದ್ದು ನಿಂತು, "ಮಾಸ್ಟ್ರೆ, ನಮ್ಮೂರಲ್ಲಿ ಆಮೆ ಮೊಟ್ಟೆ ನಾವೂ ತಿಂದಿದ್ದೇವೆ" ಅಂದರು.

"ನೀವು ತಿಂದದ್ದಕ್ಕ ನಾ ಇಲ್ಲಿ ಬಂದು ಮಾತಾಡಾಕತ್ತೇನಿ, ಸದಾನಂದ" ಅಂದರು ಮಾಸ್ತರರು. ಹಾಲೆಲ್ಲ ನಕ್ಕಿತು.

ಆಮೇಲೆ ಅವರು ಚೀಲದಿಂದ ಸೈಕಸ್ ಕಾಯಿ ತೆಗೆದು ತೋರಿಸಿದರು. ಇದನ್ನು ಹಾಗೇ ತಿಂದರೆ ವಿಷ ಅಂದರು. ನನ್ನ ಪಕ್ಕದಲ್ಲಿದ್ದ ಅತ್ತೆ ಕೂತಲ್ಲಿಂದಲೇ ದೊಡ್ಡ ದನಿಯಲ್ಲಿ ಹೇಳಿದರು: "ಹ್ವಾಯ್ ಮಾಸ್ಟ್ರೆ, ಇದ್ ನಮ್ಮನೆ ಕಾಡುಕಾಯಿ. ನಾವ್ ತಿಂಬುದೇ ಇದ್ನ. ನೀರ್ ಬದ್ಲ್ಸಿರೆ ಎಂತದೂ ಆತಿಲ್ಲೆ."

"ಬದಲಿಸದಿದ್ದರ, ಅಮ್ಮಾ?"

"ಬದ್ಲ್ಸದೆ ಯಾರ್ ತಿಂತ್ರ್?"

ಮತ್ತೆ ಎಲ್ಲರೂ ನಕ್ಕರು. ನಾನೂ ನಕ್ಕಿದ್ದೆ. ಮನೆಯಲ್ಲಿ ಆ ಕಾಯಿಯ ಹಿಟ್ಟು ಒಂದು ಡಬ್ಬದ ತುಂಬ ಇತ್ತು. ಇವರು ದಿನಾ ಬೆಳಿಗ್ಗೆ ಅದನ್ನೇ ತಿನ್ನುತ್ತಿದ್ದರು.

ಅದು ಬಂದ ಬಗೆ ಹೇಳಬೇಕು. ಕೊಂಕಣ ರೈಲು ಇನ್ನೂ ಓಡದ ಕಾಲ. ಅತ್ತೆ ಕುಂದಾಪುರದಿಂದ ಬಸ್ಸಿನಲ್ಲಿ ಮುಂಬೈಗೆ ಬಂದು, ಅಲ್ಲಿಂದ ರೈಲು ಹತ್ತಿ, ಆ ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದಿದ್ದರು. ಮೂವರು ಗಂಡುಮಕ್ಕಳು ಮೂರು ಊರಿನಲ್ಲಿ. ದೊಡ್ಡವರು, ನನ್ನ ಭಾವ, ಸೂರತ್ತಿನಲ್ಲಿ ಹೋಟೆಲು ಇಟ್ಟಿದ್ದರು. ನಡುವಿನವರು ಇವರು. ಕಿರಿಯವನು ಗಣಪ. ಅತ್ತೆ ಮೂರು ಮನೆಗೂ ಮೂರು ಗಂಟು ತಂದಿದ್ದರು. ಸೂರತ್ತಿಗೆ ಹಪ್ಪಳ, ಅಹಮದಾಬಾದಿಗೆ ಕೊಬ್ಬರಿ ಎಣ್ಣೆ, ಇವರಿಗೆ ಒಣಗಿಸಿದ ಕಾಡುಕಾಯಿಯ ಹೋಳುಗಳು. ಚಿಕ್ಕಂದಿನಲ್ಲಿ ಇವರು ಅಕ್ಕಿಗಿಂತ ಅದನ್ನೇ ಇಷ್ಟಪಟ್ಟು ತಿನ್ನುತ್ತಿದ್ದರಂತೆ.

ಊರಿನಲ್ಲಿ ಆ ಹೋಳುಗಳನ್ನು ಗೋಣಿಯಲ್ಲಿ ಕಟ್ಟಿ ತೋಡಿನಲ್ಲಿ, ಅಂದರೆ ಹರಿಯುವ ಸಣ್ಣ ಹಳ್ಳದಲ್ಲಿ, ಇಳಿಬಿಡುತ್ತಾರೆ. ನೀರು ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ, ಅದರ ಜೊತೆ ವಿಷವೂ ಹೋಗುತ್ತದೆ. ದಿನಗಟ್ಟಲೆ ಹಾಗೇ ಬಿಟ್ಟು, ತೆಗೆದು ಒಣಗಿಸಿ, ಬೀಸಿದರೆ ಬೆಳ್ಳಗಿನ ಹಿಟ್ಟು. ಬೆಲ್ಲ, ಕಾಯಿತುರಿ ಕಲಸಿ ಬಾಳೆ ಎಲೆಯ ಮೇಲೆ ತಟ್ಟಿ ಬೇಯಿಸಿದರೆ ದಪ್ಪ ರೊಟ್ಟಿ. ರುಚಿ ಚೆನ್ನಾಗಿಯೇ ಇರುತ್ತದೆ. ನಾನೂ ಒಂದೆರಡು ಸಲ ತಿಂದಿದ್ದೇನೆ.

ವಡೋದರಾದಲ್ಲಿ ತೋಡು ಎಲ್ಲಿಂದ ಬರಬೇಕು? ಅತ್ತೆ ಟೆರೇಸಿನಲ್ಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ನೆನೆ ಹಾಕಿದರು. ನೆನೆ ಹಾಕುವ ಹೊತ್ತಿಗೆ ನಾನು ಮನೆಯಲ್ಲಿರಲಿಲ್ಲ. ಗಣಪನ ಹೆಂಡತಿಯ ಹೆರಿಗೆಗೆ ನರೋಡಾಕ್ಕೆ ಹೋಗಿದ್ದೆ. ಬೇಸಿಗೆಯಲ್ಲಿ ನಲ್ಲಿ ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಬರುತ್ತಿತ್ತು, ಅಷ್ಟೆ. ನಾನು ವಾಪಸ್ ಬರುವಾಗ ಹೋಳುಗಳು ಒಣಗಿ, ಗಿರಣಿಗೆ ಹೋಗಿ ಬಂದು, ಹಿಟ್ಟು ಡಬ್ಬ ಸೇರಿತ್ತು. ಕೆಳಗಿನ ಮನೆಯ ಹಂಸಾಬೆನ್ ಮಾತಿಗೆ ಮಾತು ಬಂದು, "ನೀನಿಲ್ಲದಾಗ ಎರಡು ದಿನ ನಲ್ಲಿಯಲ್ಲಿ ಒಂದು ಹನಿ ಬರಲಿಲ್ಲ ಭಾಭಿ, ನಿನ್ನ ಅತ್ತೆ ಕೊಡ ಹಿಡಿದು ನಿಂತೇ ಇದ್ದರು" ಅಂದಿದ್ದಳು. ಆವಾಗ ಅದು ನನಗೆ ನೀರಿನ ಕಷ್ಟದ ಮಾತಾಗಿ ಕೇಳಿತ್ತು. ಬೇರೆ ಅರ್ಥ ಹೊಳೆಯಲಿಲ್ಲ.

ಭಾಷಣದ ಮಾರನೆಯ ದಿನ, ಸೋಮವಾರ, ಇವರ ಕೈಯಿಂದ ಕಾಫಿ ಲೋಟ ಜಾರಿ ಬಿತ್ತು. ಬಿಸಿ ಅಂದುಕೊಂಡೆ. ಮಳೆ ಶುರುವಾಗುವ ಹೊತ್ತಿಗೆ ಅಂಗಿಯ ಗುಂಡಿ ಹಾಕಲು ಇವರು ನನ್ನನ್ನು ಕರೆಯತೊಡಗಿದರು, ತಮಾಷೆ ಮಾಡುತ್ತಾ. "ಮದುವೆಯಾದ ಹೊಸತರಲ್ಲಿ ಹಾಕಿ ಕೊಡ್ತಿದ್ದೆ, ಈಗ ಮತ್ತೆ ಹಾಕು." ನವರಾತ್ರಿಯ ಗರ್ಬಾ ದಿನಗಳಲ್ಲಿ ಹೋಟೆಲಿನಲ್ಲಿ ಜನ ಕಿಕ್ಕಿರಿದಿದ್ದಾಗ ಇವರ ಸೌಟು ಕಾವಲಿಯ ಮೇಲೆ ಬಿತ್ತು. ದೋಸೆ ಸೀದು ಹೊಗೆ ಎದ್ದಿತು. ಇವರು ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದರು. ಆಮೇಲೆ ನಾಲಿಗೆ ದಪ್ಪವಾಯಿತು. ಹತ್ತಿರದವರಿಗೆ ಮಾತ್ರ ಮಾತು ತಿಳಿಯುತ್ತಿತ್ತು.

ದೊಡ್ಡವು ಕಾಣುತ್ತಿರುತ್ತವೆ ಅಂತ ಮಾಸ್ತರರು ಹೇಳಿದ್ದರಲ್ಲ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಎತ್ತರದ ಆಳು, ಅಗಲ ಭುಜ, ಗಲ್ಲಾದಲ್ಲಿ ಕೂತರೆ ಎಲ್ಲ ಸರಿ ಇದ್ದಂತೆಯೇ ಕಾಣುತ್ತಿತ್ತು. ಸಣ್ಣವು ಒಂದೊಂದೇ ಹೋಗುತ್ತಿದ್ದವು. ಚಪ್ಪಲಿಯ ಬಾರು, ಬೀಗದ ಕೈ, ನನ್ನ ಹೆಸರಿನ ಮೊದಲ ಅಕ್ಷರ.

ದೀಪಾವಳಿ ಕಳೆದ ಮೇಲೆ ಅಹಮದಾಬಾದಿನ ದೊಡ್ಡ ಆಸ್ಪತ್ರೆಗೆ ಹೋದೆವು. ಗಣಪ ಎಲ್ಲ ಓಡಾಡಿದ. ಡಾಕ್ಟರು ಸುತ್ತಿಗೆಯಿಂದ ಮಂಡಿ ತಟ್ಟಿ, ಸೂಜಿ ಚುಚ್ಚಿ, ಕೊನೆಗೆ ನರದ ಕಾಯಿಲೆ ಅಂದು ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಹೆಸರು ಹೇಳಿದರು. ಯಾಕೆ ಬಂತು ಅಂದರೆ ಗೊತ್ತಿಲ್ಲ, ಔಷಧ ಏನು ಅಂದರೆ ಇಲ್ಲ. ನಾನು ಹಿಟ್ಟಿನ ವಿಷಯ ಹೇಳಿದೆ. "ಬೆಹೆನ್, ಹಿಟ್ಟು ತಿಂದು ಹೀಗಾಗೋದಿಲ್ಲ" ಅಂದರು, ತಲೆ ಎತ್ತದೆ. ಬರೆದುಕೊಳ್ಳಲೂ ಇಲ್ಲ. ಕೇಳಿಸಿಕೊಳ್ಳದವರ ಮಾತನ್ನು ನಾನು ಹೇಗೆ ನಂಬಲಿ?

ವಾಪಸ್ ಬಂದ ಮೇಲೆ ದೇಸಾಯಿ ಮಾಸ್ತರರನ್ನು ಹೋಟೆಲಿನಲ್ಲೇ ಹಿಡಿದು ಕೇಳಿದೆ. ಅವರು ಇಡ್ಲಿ ಮುರಿಯುವುದನ್ನು ನಿಲ್ಲಿಸಿದರು.

"ಎಷ್ಟು ದಿನ ತಿಂದಾರ್ರೀ ವೈನಿ?"

"ಬೇಸಿಗೆಯಿಂದ. ದಿನಾ."

"ನೀವು?"

"ನಾನು ಒಂದೆರಡು ಸಲ. ಇವರು ಮಾತ್ರ ದಿನಾ."

ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ, ದೂರದ ಸಮುದ್ರದ ನಡುವೆ ಒಂದು ದ್ವೀಪ ಇದೆ, ಅಲ್ಲಿಯವರೂ ಇಂಥದೇ ಕಾಯಿಯ ಹಿಟ್ಟು ತಿನ್ನುತ್ತಿದ್ದರು, ಅಲ್ಲಿ ಕೈಕಾಲು ಸೋಲುವ ಕಾಯಿಲೆ ಬಹಳ ಇತ್ತು, ಅದಕ್ಕೆ ಈ ಹಿಟ್ಟೇ ಕಾರಣ ಅಂತ ಕೆಲವು ವಿಜ್ಞಾನಿಗಳಿಗೆ ಅನುಮಾನ, ಅಲ್ಲ ಅಂತ ಬೇರೆಯವರು ಹೇಳುತ್ತಾರೆ ಅಂದರು. "ಅದು ಬ್ಯಾರೆ ಜಾತಿ ಗಿಡ, ಬ್ಯಾರೆ ಊರು. ಖಾತ್ರಿ ಯಾರಿಗೂ ಇಲ್ಲ. ಮನಸಿಗೆ ಹಚ್ಚಿಕೋಬ್ಯಾಡ್ರಿ."

ಅಷ್ಟು ಹೇಳಿ ಆಮೇಲೆ ಹಚ್ಚಿಕೊಳ್ಳಬೇಡ ಅಂದರೆ ಆಗುತ್ತದೆಯೇ? ಅವರಿಗೆ ಇನ್ನೂ ಗೊತ್ತಿದೆ, ಹೇಳುತ್ತಿಲ್ಲ ಅನಿಸಿತು. "ನಿಮ್ಮ ಕಾಲೇಜಿನಲ್ಲಿ ಪರೀಕ್ಷೆ ಮಾಡಿಸಬಹುದಾ? ಒಂದು ಚಮಚ ಕೊಡ್ತೇನೆ" ಅಂದೆ. "ರಸಾಯನ ವಿಭಾಗದವರನ್ನ ಕೇಳಿ ನೋಡ್ತೇನಿ" ಅಂದರು.

ಅವತ್ತೇ ಡಬ್ಬವನ್ನು ಅಟ್ಟದ ಮೇಲೆ ಇಟ್ಟೆ. ಮಳೆಗಾಲದಲ್ಲಿ ನೀರು ಧಾರಾಳವಾಗಿ ಬರುವಾಗ ಅತ್ತೆ ಉಳಿದ ಹೋಳುಗಳನ್ನೂ ನೆನೆ ಹಾಕಿ ಬೀಸಿಸಿ ಅದೇ ಡಬ್ಬಕ್ಕೆ ಸುರಿದಿದ್ದರು. ತಳದಲ್ಲಿ ಬೇಸಿಗೆಯದು, ಮೇಲೆ ಮಳೆಗಾಲದ್ದು. ಇವರಿಗೆ ಅಕ್ಕಿ ಗಂಜಿ ಮಾಡಿ ಕೊಡತೊಡಗಿದೆ. ಅತ್ತೆ ಒಂದೆರಡು ದಿನ ನೋಡಿದರು.

"ಹಿಟ್ಟ್ ಎಲ್ಲಿತ್ತ್?"

"ಮೇಲಿಟ್ಟಿದ್ದೇನೆ. ಅತ್ತೆ, ಬೇಸಿಗೆಯಲ್ಲಿ ಎಷ್ಟು ಸಲ ನೀರು ಬದಲಿಸಿದ್ರಿ?"

"ಬೇಕಾದಷ್ಟ್ ಸಲ."

"ಎರಡು ದಿನ ನೀರೇ ಬಂದಿರಲಿಲ್ಲ ಅಂತ ಹಂಸಾಬೆನ್ ಹೇಳಿದ್ರು."

ಅತ್ತೆ ನನ್ನನ್ನು ದಿಟ್ಟಿಸಿದರು. ನಾನು ಅವರ ಬಾಯಿಂದ ಸಿಟ್ಟನ್ನು ಕಾದೆ. ಬಂದದ್ದು ಬೇರೆ. "ಇವ ನರೋಡದಲ್ಲಿ ಗಣಪನ ಕ್ಯಾಂಟೀನಲ್ಲಿ ಎಷ್ಟ್ ವರ್ಷ ಇದ್ದ? ಅಲ್ಲಿ ಗಟಾರದ ನೀರ್ ಒಂದ್ ದಿನ ಕೆಂಪ್, ಒಂದ್ ದಿನ ನೀಲಿ. ನಾನೇ ಕಂಡಿದ್ದೆ. ಆ ಗಾಳಿ ಕುಡ್ದ್ ಹಾಳಾದ್ದ್ ಅವ್ನ್ ಮೈ. ನನ್ನ್ ಹಿಟ್ಟಿಂದ ಅಲ್ಲ."

ಅದೂ ಇರಬಹುದು. ಮದುವೆಗೆ ಮೊದಲು ಇವರು ಅಲ್ಲಿಯೇ ಇದ್ದರು. ಬಣ್ಣದ ಕಾರ್ಖಾನೆಗಳ ನಡುವೆ ಚಹಾ ಕುದಿಸಿದವರು. ನಾನು ನರೋಡಾಕ್ಕೆ ಹೋದಾಗಲೆಲ್ಲ ಗಂಟಲು ಉರಿಯುತ್ತಿತ್ತು. ಆದರೆ ಅತ್ತೆ ನೀರಿನ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ. ಅದನ್ನು ನಾನು ಗಮನಿಸಿದೆ. ಗಮನಿಸಿದ್ದನ್ನು ಅವರೂ ಗಮನಿಸಿದರು.

ಉತ್ತರಾಯಣಕ್ಕೆ ಸೂರತ್ತಿನಿಂದ ಭಾವ ಬಂದರು. ಊರೆಲ್ಲ ಮಾಳಿಗೆಯ ಮೇಲೆ ಗಾಳಿಪಟ ಹಾರಿಸುತ್ತಿತ್ತು. ಭಾವ ಕೈಯಲ್ಲಿ ಒಂದು ಡಬ್ಬಿ ‘ಉಂಧಿಯೂ’ ಅನ್ನುವ ಹಬ್ಬದ ತರಕಾರಿ ಪಲ್ಯ, ಚೀಲದಲ್ಲಿ ಒಂದು ಬಾಟಲಿ ಹಿಡಿದುಕೊಂಡು ಬಂದಿದ್ದರು. ಬಾಟಲಿಯನ್ನು ಬಟ್ಟೆಯಿಂದ ಬಿಚ್ಚಿ ಇವರ ಹಾಸಿಗೆಯ ಪಕ್ಕ ಇಟ್ಟು, "ಕಡಲಾಮೆ ಕೊಬ್ಬಿನ ಎಣ್ಣೆ. ಸೌರಾಷ್ಟ್ರದ ಬಂದರಿನವನೊಬ್ಬ ತಂದ್ ಕೊಟ್ಟ. ಅಸಲಿ ಮಾಲ್" ಅಂದರು. "ಆಮೆ ನೂರಾರು ವರ್ಷ ಬದ್ಕುತ್ತೆ. ಅದ್ರ ಎಣ್ಣೆ ಹಾಕಿ ತಿಕ್ಕಿರೆ ನರಕ್ಕೆ ಜೀವ ಬತ್ತ್."

ಆ ಹೊತ್ತಿಗೆ ದೇಸಾಯಿ ಮಾಸ್ತರರೂ ಬಂದಿದ್ದರು. ಬಾಟಲಿ ಎತ್ತಿ ಮೂಸಿದರು.

"ಇದು ಹರಳೆಣ್ಣಿ ವಾಸನಿ ಬರಾಕತ್ತದಲ್ರೀ."

"ಹರಳೆಣ್ಣೆ ಸೇರಿಸ್ತಾರೆ ಮಾಸ್ಟ್ರೆ, ಕೆಡಬಾರದು ಅಂತ" ಅಂದರು ಭಾವ.

"ಆಮೆ ಕೊಂದು ತಂದಿದ್ದರ ಕಾನೂನು ಪ್ರಕಾರ ನೀವು ಒಳಗ ಹೋಗ್ತೀರಿ. ಬರೇ ಹರಳೆಣ್ಣಿ ಆಗಿದ್ದರ ಅಂವ ನಿಮಗ ಟೊಪ್ಪಿಗಿ ಹಾಕ್ಯಾನ. ಎರಡರಾಗ ಯಾವುದು ಆಗಲಿ ಅಂತೀರಿ?"

ಭಾವನಿಗೆ ಕೋಪ ಬಂತು. ನನಗೂ ಮಾಸ್ತರರ ಮೇಲೆ ಸ್ವಲ್ಪ ಬಂತು. ಮಾತು ಸರಿಯಾಗಿತ್ತು, ಆದರೆ ಹಾಸಿಗೆಯ ಪಕ್ಕದಲ್ಲಿ ಆಡಬಾರದಾಗಿತ್ತು. ಆ ಕೋಣೆಯಲ್ಲಿ ನಿಂತು ನಾನು ನನ್ನದೇ ಲೆಕ್ಕ ಹಾಕುತ್ತಿದ್ದೆ. ತಾಯಿ ಕಾಡಿನ ಕಾಯಿ ತಂದಳು, ಊಟ ಅಂದಳು. ಅಣ್ಣ ಕಡಲಿನ ಪ್ರಾಣಿಯ ಕೊಬ್ಬು ತಂದ, ಮದ್ದು ಅಂದ. ಇಬ್ಬರೂ ಪ್ರೀತಿಯಿಂದಲೇ ತಂದದ್ದು. ಭಾಷಣದಲ್ಲಿ ಮಾಸ್ತರರು ಎರಡನ್ನೂ ಅಕ್ಕಪಕ್ಕ ಇಟ್ಟು ಪಾಪ ಅಂದಿದ್ದರು. ನಮ್ಮ ಮನೆಯಲ್ಲಿ ಅವೆರಡೂ ಅಕ್ಕಪಕ್ಕ ಬಂದು ಕೂತಾಗ ನನಗೆ ಎರಡರ ಮೇಲೂ ನಂಬಿಕೆ ಇರಲಿಲ್ಲ.

ಭಾವ ಅಂಗೈಗೆ ಎಣ್ಣೆ ಸುರಿದುಕೊಂಡು ಇವರ ಕೈ ಹಿಡಿದರು. ಇವರು ಕೈ ಎಳೆದುಕೊಳ್ಳಲು ನೋಡಿದರು, ಆಗಲಿಲ್ಲ. ಬಾಯಿ ತೆರೆದು ಬಹಳ ಕಷ್ಟದಿಂದ ಏನೋ ಹೇಳಿದರು. ಭಾವನಿಗೆ ತಿಳಿಯದೆ ನನ್ನ ಕಡೆ ನೋಡಿದರು.

"ಬೇಡ ಅಂತಿದ್ದಾರೆ" ಅಂದೆ. "ಚಿಕ್ಕಂದಿನಲ್ಲಿ ಆಮೆಯ ಬೆನ್ನ ಮೇಲೆ ನಿಂತಿದ್ದೆ, ಅದು ಮೊಟ್ಟೆ ಇಡುವುದನ್ನು ನಿಲ್ಲಿಸಲಿಲ್ಲ ಅಂತಿದ್ದಾರೆ."

ಭಾವ ಕೈ ಬಿಟ್ಟರು. ಅಂಗೈಯ ಎಣ್ಣೆಯನ್ನು ತಮ್ಮದೇ ಮೊಣಕಾಲಿಗೆ ಒರೆಸಿಕೊಂಡರು. ಹೋಗುವಾಗ ಬಾಟಲಿ ಬಿಟ್ಟೇ ಹೋದರು. ಇವರು ಅಷ್ಟು ಉದ್ದದ ಮಾತು ಆಡಿದ್ದು ಅದೇ ಕೊನೆ.

ಹೊರಡುವ ಮೊದಲು ಅಡುಗೆಮನೆಯಲ್ಲಿ ಭಾವನೂ ಅತ್ತೆಯೂ ಪಿಸುಗುಟ್ಟುತ್ತಿದ್ದರು. ನಾನು ಹೋದಾಗ ಮಾತು ನಿಂತಿತು. ಅದಾದ ಮರುದಿನ ಬೆಳಿಗ್ಗೆ ಏಣಿ ಹಾಕಿ ಅತ್ತೆ ತಾವೇ ಡಬ್ಬ ಇಳಿಸಿಕೊಂಡರು. ರೊಟ್ಟಿ ತಟ್ಟಿ ಬೇಯಿಸಿ, ತಟ್ಟೆ ಹಿಡಿದು ಇವರ ಹಾಸಿಗೆಯ ಪಕ್ಕ, ನನ್ನ ಎದುರು ಕೂತರು.

"ನಾ ತಿಂತೆ. ನಂಗ್ ಎಂತ ಆತ್ತ್, ನೀನೇ ಕಾಣ್."

ಅವತ್ತಿನಿಂದ ದಿನಾ ಬೆಳಿಗ್ಗೆ ಹಾಗೇ. ನಾನು ಇವರಿಗೆ ಗಂಜಿ ಚಮಚದಲ್ಲಿ ಕುಡಿಸುವುದು, ಆ ಕಡೆ ಅವರು ರೊಟ್ಟಿ ಮುರಿದು ಮುರಿದು ತಿನ್ನುವುದು. ಇವರ ಕಣ್ಣು ನಮ್ಮಿಬ್ಬರ ನಡುವೆ ಓಡಾಡುತ್ತಿತ್ತು. ಹಂಸಾಬೆನ್ ಒಮ್ಮೆ ಮೇಲೆ ಬಂದು ಇದನ್ನು ನೋಡಿ, "ಎಷ್ಟು ಚೆನ್ನಾಗಿ ಎಲ್ಲರೂ ಒಟ್ಟಿಗೆ ತಿಂಡಿ ತಿನ್ನುತ್ತೀರಿ" ಅಂದಳು.

ಹೋಳಿ ಹಬ್ಬ ಮುಗಿದ ಮೇಲೊಂದು ಬೆಳಿಗ್ಗೆ ಇವರು ಗಂಜಿಗೆ ಬಾಯಿ ತೆರೆಯಲಿಲ್ಲ. ತುಟಿ ಬಿಗಿ ಹಿಡಿದಿದ್ದರು. ತಲೆಯನ್ನು ನಿಧಾನಕ್ಕೆ ತಾಯಿಯ ಕಡೆ ತಿರುಗಿಸಿ, ಬಾಯಿ ತೆರೆದರು. ರೊಟ್ಟಿಗೆ. ಅತ್ತೆಯ ಮುಖ ಬದಲಾಯಿತು. ಒಂದು ಚೂರನ್ನು ಬೆರಳಲ್ಲಿ ಹಿಸುಕಿ ಮೆತ್ತಗೆ ಮಾಡಿ, ಹಾಲಿನಲ್ಲಿ ಅದ್ದಿ, ಮಗನ ಬಾಯಿಗೆ ಒಯ್ದರು.

ನಾನು ಅವರ ಮಣಿಕಟ್ಟು ಹಿಡಿದೆ.

"ಬಿಡ್ ಸುಮತಿ. ಅವ ಕೇಂತಿದ್ದ."

"ಕೇಳಲಿ. ಕೊಡುವುದಿಲ್ಲ."

"ನನ್ನ್ ಮಗ."

"ಬೇಸಿಗೆಯಲ್ಲಿ ಎಷ್ಟು ಸಲ ನೀರು ಬದಲಿಸಿದ್ರಿ ಅಂತ ಒಂದು ಸಲ ಹೇಳಿ. ಹೇಳಿದ್ರೆ ಬಿಡ್ತೇನೆ."

ಅವರ ಕೈಯಲ್ಲಿ ಬಲ ಇತ್ತು. ಎಳೆದುಕೊಂಡಿದ್ದರೆ ನನಗೆ ಹಿಡಿಯಲು ಆಗುತ್ತಿರಲಿಲ್ಲ. ಎಳೆದುಕೊಳ್ಳಲಿಲ್ಲ. ಹಾಲು ಮೊಣಕೈಗೆ ಇಳಿಯಿತು. ಕೊನೆಗೆ ಆ ಚೂರನ್ನು ತಮ್ಮ ಬಾಯಿಗೇ ಹಾಕಿಕೊಂಡು, ನನ್ನನ್ನು ನೋಡುತ್ತಲೇ ಅಗಿದರು. ಇವರು ಗೋಡೆಯ ಕಡೆ ಮುಖ ಮಾಡಿದರು. ಅವತ್ತು ಸಂಜೆಯವರೆಗೂ ಏನನ್ನೂ ತಿನ್ನಲಿಲ್ಲ, ನನ್ನ ಕೈಯಿಂದಲೂ ಇಲ್ಲ, ತಾಯಿಯ ಕೈಯಿಂದಲೂ ಇಲ್ಲ.

ಇವತ್ತು ಅದೇ ಬೆಳಿಗ್ಗೆ ಮತ್ತೆ ಬಂದರೂ ನಾನು ಆ ಮಣಿಕಟ್ಟು ಹಿಡಿದೇ ಹಿಡಿಯುತ್ತೇನೆ.

ಮಾಸ್ತರರು ಪರೀಕ್ಷೆಯ ವಿಷಯ ಎತ್ತುತ್ತಲೇ ಇರಲಿಲ್ಲ. ಒಂದು ಮಧ್ಯಾಹ್ನ ನಾನು ಹೋಟೆಲಿನಿಂದ ಮನೆಗೆ ಬರುವಾಗ ಅವರು ಇವರ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದರು. ಇವರ ಬಾಯಿಯ ಹತ್ತಿರ ಕಿವಿ ಇಟ್ಟಿದ್ದರು. ನನ್ನ ಚಪ್ಪಲಿಯ ಸದ್ದು ಕೇಳಿ ನೆಟ್ಟಗೆ ಕೂತರು. ನಾನು ಒಂದು ಚಮಚ ಹಿಟ್ಟನ್ನು ಕಾಗದದಲ್ಲಿ ಕಟ್ಟಿ ತಂದುಕೊಟ್ಟೆ. "ಇರ್ಲಿ ವೈನಿ, ಈಗ ಸೂಟಿ ಬಂತು. ಧಾರವಾಡಕ್ಕ ಹೋಗಿ ಬರ್ತೇನಿ, ಬಂದ ಮ್ಯಾಲ ತಗೋತೇನಿ" ಅಂದು ಕಾಗದವನ್ನು ವಾಪಸ್ ನನ್ನ ಕೈಗೇ ಇಟ್ಟರು. ಅದನ್ನು ಮತ್ತೆ ಡಬ್ಬಕ್ಕೆ ಸುರಿದೆ. ಬೇರೆ ಎಲ್ಲಿಟ್ಟರೂ ಯಾರಾದರೂ ಬದಲಿಸಿಬಿಡುತ್ತಾರೆ ಅನ್ನುವ ಹಂತಕ್ಕೆ ನಾನು ಹೋಗಿದ್ದೆ.

ಇವರು ಮರುವರ್ಷದ ಮಳೆಯ ಶುರುವಿನಲ್ಲಿ ತೀರಿಕೊಂಡರು. ಕೊನೆಗೆ ಉಸಿರಾಟ ಸೋತಿತು. ಮೊದಲ ಮಳೆ ಬಿದ್ದು ರಸ್ತೆಯ ಧೂಳಿನ ವಾಸನೆ ಮನೆಯೊಳಗೆ ಬಂದಿತ್ತು. ನಾನು ಕಿಟಕಿ ಹಾಕಲು ಎದ್ದೆ, ಹಾಕಿ ತಿರುಗುವಷ್ಟರಲ್ಲಿ ಮುಗಿದಿತ್ತು. ಭಾವ ಬಂದರು, ಗಣಪ ಬಂದ. ವಿಶ್ವಾಮಿತ್ರಿ ನದಿ ಕೆಂಪಾಗಿ ಹರಿಯುತ್ತಿತ್ತು.

ಹನ್ನೊಂದರ ಕೆಲಸ ಮುಗಿಯುವವರೆಗೂ ನಾನು ಒಂದು ಕೋಣೆಯಲ್ಲೇ ಇದ್ದೆ. ಹೊರಗೆ ಬಂದಾಗ ಆ ಡಬ್ಬ ಟೆರೇಸಿನಲ್ಲಿ ಮಗುಚಿ ಒಣಗಲು ಇಟ್ಟಿದ್ದು ಕಂಡಿತು. ಹುಣಸೆಹಣ್ಣು ಹಾಕಿ ತಿಕ್ಕಿ ಪಳಪಳ ಮಾಡಿದ್ದರು.

"ಹಿಟ್ಟು ಏನಾಯ್ತು ಅತ್ತೆ?"

"ಮುಗೀತ್. ನಾನೇ ತಿಂದೆ."

"ತಳದಲ್ಲಿ ಇನ್ನೂ ಬೇಕಾದಷ್ಟಿತ್ತು."

"ಮುಗೀತ್ ಅಂದೆ ಅಲ್ದಾ ಹೆಣ್ಣೆ" ಅಂದರು. ದನಿಯಲ್ಲಿ ಜಗಳ ಇರಲಿಲ್ಲ. ಕಣ್ಣುಗಳು ಬತ್ತಿ ಒಳಗೆ ಹೋಗಿದ್ದವು.

ಅವರು ಭಾವನ ಜೊತೆ ಸೂರತ್ತಿಗೆ ಹೋದರು. ಅಲ್ಲಿ ಬಹಳ ವರ್ಷ ಬದುಕಿದರು. ಕೊನೆಯವರೆಗೂ ಕೈ ನಡುಗಲಿಲ್ಲ, ದಿನಾ ದೇವರಿಗೆ ಮಲ್ಲಿಗೆ ಕಟ್ಟುತ್ತಿದ್ದರು. ನೋಡು, ಅದೇ ಹಿಟ್ಟು ತಿಂದವರು ಹೇಗಿದ್ದಾರೆ ಅಂತ ಭಾವ ಹೇಳುತ್ತಿದ್ದರು, ಗಣಪ ಹೇಳುತ್ತಿದ್ದ, ಹಂಸಾಬೆನ್ ಕೂಡ ಹೇಳಿದಳು. ನಾನು ವಾದ ಮಾಡಲಿಲ್ಲ. ಅವರು ತಿಂದದ್ದರಲ್ಲಿ ನಾನು ಕಂಡದ್ದು ಮೇಲಿನ, ಮಳೆಗಾಲದ ಹಿಟ್ಟು. ತಳದ್ದನ್ನು ತಿಂದರೋ, ಮಳೆನೀರಿಗೆ ಸುರಿದರೋ ನಾನು ಕಂಡಿಲ್ಲ. ಮಗನ ಪಾಲಿನದನ್ನು ತಾವೂ ತಿಂದು ಅವನ ಹಿಂದೆ ಹೋಗಬೇಕು ಅಂತ ತಿಂದಿರಲೂಬಹುದು. ಅದನ್ನೂ ನಾನು ತಳ್ಳಿಹಾಕುವುದಿಲ್ಲ. ಅವರು ಹೋದ ಸುದ್ದಿ ಬಂದಾಗ ಸೂರತ್ತಿಗೆ ಹೋಗಿ, ಕಾಲು ಮುಟ್ಟಿ ಬಂದೆ. ಕೇಳಬೇಕಾದದ್ದನ್ನು ಕೇಳುವ ಕಾಲ ಮುಗಿದಿತ್ತು.

ಉಳಿದವರು ದೇಸಾಯಿ ಮಾಸ್ತರರು. ಇವರು ತೀರಿಕೊಂಡ ಆ ಮಳೆಗಾಲದಲ್ಲೇ, ರಜೆ ಮುಗಿಸಿ ಧಾರವಾಡದಿಂದ ಬಂದ ಮೇಲೆ ಮನೆಗೆ ಬಂದಿದ್ದರು. ಇವರ ಫೋಟೋದ ಮುಂದೆ ಕೂತರು. ನಾನು ತೊಳೆದ ಡಬ್ಬ ತಂದು ಅವರ ಮುಂದಿಟ್ಟೆ.

"ನಾನು ಕೊಟ್ಟಾಗ ಯಾಕೆ ತಗೊಳ್ಳಲಿಲ್ಲ ಮಾಸ್ಟ್ರೆ? ಒಂದು ಚಮಚ."

ಅವರು ಕನ್ನಡಕ ತೆಗೆದರು, ಒರೆಸಲಿಲ್ಲ, ಮತ್ತೆ ಹಾಕಿಕೊಂಡರು.

"ಸದಾನಂದ ಪರೀಕ್ಷಾ ಬ್ಯಾಡ ಅಂದ್ರು ವೈನಿ. ಅವತ್ತ, ನೀವು ಒಳಗ ಬರೂಕಿಂತ ಮೊದಲ."

"ಯಾಕೆ ಬೇಡ ಅಂದ್ರು?"

ತಾಯಿಯನ್ನು ಉಳಿಸಲು ಅಂತ ಅವರು ಹೇಳುತ್ತಾರೆ ಅಂದುಕೊಂಡಿದ್ದೆ. ಅಥವಾ ನನ್ನನ್ನು ಉಳಿಸಲು ಅಂತ. ಯಾವುದನ್ನು ಹೇಳಿದರೂ ನಂಬುವುದಿಲ್ಲ ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ.

"ಬ್ಯಾಡ ಅನ್ನೂವಷ್ಟ ಮಾತು ಅವರ ಕಡೆ ಉಳಿದಿತ್ತು" ಅಂದರು. "ಯಾಕ ಅನ್ನೂದನ್ನ ಹೇಳೂವಷ್ಟು ಉಳಿದಿರಲಿಲ್ಲ. ನಾ ಎರಡು ಸಲ ಕೇಳಿದೆ."

ಅವರು ಸುಳ್ಳು ಹೇಳುವ ಮನುಷ್ಯ ಅಲ್ಲ. ಆದರೂ ಅವರು ಹೋಗುವಾಗ ಬಾಗಿಲವರೆಗೆ ಹಿಂದೆಯೇ ಹೋಗಿ ಅವರ ಮುಖ ನೋಡಿದೆ. ಅದರಲ್ಲಿ ಏನೂ ಸಿಗಲಿಲ್ಲ.

ಈಗ ನಾನು ವಡೋದರಾದಲ್ಲೇ ಇದ್ದೇನೆ. ಹೋಟೆಲು ಬೇರೆಯವರದಾಗಿದೆ, ನಾನು ನಾಲ್ಕು ಮನೆಗೆ ಊಟದ ಡಬ್ಬಿ ಕಟ್ಟಿ ಕಳಿಸುತ್ತೇನೆ. ಇವರು ಬೇಡ ಅಂದದ್ದು ನನಗೆ ಗೊತ್ತಿದೆ. ಯಾಕೆ ಬೇಡ ಅಂದರು ಅನ್ನುವುದು ಗೊತ್ತಿಲ್ಲ.